ಉಪ್ಪಾಗೆ ಯಾವ ಮಳೆಗೆ ಕೊಯ್ಯಬೇಕು? ಅಘನಾಶಿನಿ ಕಣಿವೆಯ ಒಂದು ಪ್ರಕರಣ

ಸಿಂಗಳೀಕ, ಅಂದರೆ ಸಿಂಹಬಾಲದ ಮಂಗ, ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣು ತಿನ್ನುವುದನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಜುಲೈ ಕೊನೆಯ ಪುಷ್ಯ ಮಳೆಯ ಒಂದು ಬೆಳಗ್ಗೆ. ಸೊಪ್ಪು ನೋಡಿಕೊಂಡು ಬರೋಣ ಅಂತ ಬೆಟ್ಟಕ್ಕೆ ಹೋಗಿದ್ದೆ. ಮಳೆ ಒಂದು ಗಳಿಗೆ ಬಿಟ್ಟಿತ್ತು. ಮೇಲೆ ಎಲ್ಲೋ ಕೊಂಬೆ ಅಲ್ಲಾಡಿತು, ಆಮೇಲೆ ದಪ್ಪ್ ಅಂತ ಏನೋ ಬಿತ್ತು. ಹಳದಿ ತಿರುಗಿದ ಉಪ್ಪಾಗೆ, ಅರ್ಧ ಕಚ್ಚಿದ್ದು. ತಲೆ ಎತ್ತಿದರೆ ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಇನ್ನೊಂದು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಸಿಪ್ಪೆ ಸೀಳಿ, ಬೀಜದ ಸುತ್ತಲಿನ ತಿರುಳನ್ನು ಚೀಪುತ್ತಿತ್ತು. ಕೆನ್ನೆಯ ಚೀಲ ಉಬ್ಬಿತ್ತು. ಕೆಲವು ಬೀಜ ಅಗಿಯಿತು, ಕೆಲವು ಹಾಗೇ ಕೆಳಗೆ ಬಿದ್ದವು. ಕೆಳಗೆ ಮನುಷ್ಯ ನಿಂತಿದ್ದಾನೆ ಅಂತ ಗೊತ್ತಾದ ಮೇಲೂ ಅದು ಮರ ಬಿಡಲಿಲ್ಲ. ಯಾಕೆ ಅಂತ ಮನೆಗೆ ಬರುವಾಗ ಹೊಳೆಯಿತು. ಆ ಇಡೀ ಇಳಿಜಾರಿನಲ್ಲಿ ಹಣ್ಣು ಉಳಿದಿದ್ದ ಮರ ಅದೊಂದೇ. ಉಳಿದ ಮರಗಳನ್ನು ನಾವು ಮೂರು ವಾರ ಮೊದಲೇ ಬೋಳು ಮಾಡಿ ಮುಗಿಸಿದ್ದೆವು.

ನಾನು ಬರೆಯುತ್ತಿರುವುದು ಆ ಇಳಿಜಾರಿನ ಕಥೆ. ಊರಿನ ಹೆಸರು ಹಾಕುವುದಿಲ್ಲ, ಜನರ ಹೆಸರೂ ಇಲ್ಲ. ಶಿರಸಿ ಅರಣ್ಯ ವಿಭಾಗಕ್ಕೆ ಸೇರಿದ, ಘಟ್ಟದ ಅಂಚಿನ ಒಂದು ಕೇರಿ ಅಂದುಕೊಳ್ಳಿ. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾನು, ಅಂದರೆ ಸದಾ ಹಸಿರಿನ ದಟ್ಟ ಕಾಡು. ಹವ್ಯಕರ ಕೆಲವು ಮನೆ, ಕರೆವೊಕ್ಕಲರ ಕೇರಿ, ನಾಯ್ಕರ ಮನೆಗಳು, ಸ್ವಲ್ಪ ದೂರದಲ್ಲಿ ಮರಾಠಿಗಳ ವಸತಿ. ನಾನು ಅಲ್ಲಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಕೆಲವು ವರ್ಷ ಇದ್ದವನು. ಸಂರಕ್ಷಿತ ಪ್ರದೇಶವನ್ನು ಚೆನ್ನಾಗಿ ನಿಭಾಯಿಸುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ನಕಾಶೆಯಿಂದಲ್ಲ, ಉಪ್ಪಾಗೆ ಕೊಯ್ಲಿನ ತಾರೀಕಿನಿಂದ. ಅದನ್ನು ಹೇಳಲು ಇಷ್ಟು ಬರೆಯುತ್ತಿದ್ದೇನೆ.

ಕಾನು ಮತ್ತು ಸಿಂಗಳೀಕ

ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಈ ಮೂರೇ ರಾಜ್ಯ. ಅದರಲ್ಲೂ ಎಲ್ಲಕ್ಕಿಂತ ಉತ್ತರದ ಗುಂಪುಗಳು ಇರುವುದು ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನಲ್ಲಿ. ಸಂಶೋಧಕರು ಇಲ್ಲಿ ಊರೂರು ತಿರುಗಿ ಎಣಿಸಿದಾಗ ಸಿಕ್ಕಿದ್ದು 32 ಗುಂಪು, 638 ಪ್ರಾಣಿ. ಆಗ ಈ ಕಾಡು ಅಭಯಾರಣ್ಯವೂ ಅಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ, ಬರೀ ಮೀಸಲು ಅರಣ್ಯ. ಜನ ಸೊಪ್ಪು ತರುವ, ದನ ಬಿಡುವ, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ ಆರಿಸುವ ಕಾಡು. ಅಲ್ಲೇ ಅಷ್ಟು ಸಿಂಗಳೀಕ ಉಳಿದುಕೊಂಡಿದ್ದವು.

ಇದು ಮರದ ಮೇಲಿನ ಪ್ರಾಣಿ. ಕೆಂಪು ಮುಖದ ಮಂಗನ ಹಾಗೆ ಅಂಗಳಕ್ಕೆ ಬಂದು ಕೂರುವುದಿಲ್ಲ, ಮುಸಿಯದ ಹಾಗೆ ಬರೀ ಎಲೆ ತಿಂದುಕೊಂಡು ಇರುವುದೂ ಇಲ್ಲ. ಅದಕ್ಕೆ ಹಣ್ಣು ಬೇಕು, ಕಾಯಿ ಬೇಕು, ತೊಗಟೆ ಸಂದಿಯ ಹುಳ ಬೇಕು. ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರ ಹಣ್ಣು ಕೊಡುತ್ತಿರಬೇಕು, ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಕೊಂಬೆಗೆ ಕೊಂಬೆ ತಾಗಿರಬೇಕು. ದಕ್ಷಿಣದ ಕಾಡುಗಳಲ್ಲಿ ಅದು ಬಹಳ ನೆಚ್ಚಿಕೊಂಡಿರುವ ಒಂದು ಮರ, ಮುಳ್ಳು ಕಾಯಿಯ ಕಲೀನಿಯ, ನಮ್ಮ ಜಿಲ್ಲೆಯಲ್ಲಿ ಇಲ್ಲ. ಹಾಗಾಗಿ ಇಲ್ಲಿನವು ಬೈನೆ, ಅತ್ತಿ ಜಾತಿಯ ಮರಗಳು, ಹಲಸು, ಹೆಬ್ಬಲಸು, ಉಪ್ಪಾಗೆ ಹೀಗೆ ಹತ್ತಾರು ಮರ ಸುತ್ತಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಮಳೆಗಾಲದ ನಡುವೆ ಉಪ್ಪಾಗೆ ದೊಡ್ಡ ಆಸರೆ.

ಇನ್ನೊಂದು ಮಾತು. ಹೆಣ್ಣು ಸಿಂಗಳೀಕ ಆರು ವರ್ಷ ದಾಟಿದ ಮೇಲೇ ಮೊದಲ ಮರಿ ಹಾಕುವುದು. ಮರಿಗೂ ಮರಿಗೂ ನಡುವೆ ಎರಡೂವರೆ, ಮೂರು ವರ್ಷ. ಒಂದು ಗುಂಪಿಗೆ ಎರಡು ಮೂರು ಕೆಟ್ಟ ವರ್ಷ ಸಾಲಾಗಿ ಬಂದರೆ ಅದು ಸುಧಾರಿಸಿಕೊಳ್ಳಲು ಎಷ್ಟು ಕಾಲ ಬೇಕು ಅಂತ ನೀವೇ ಲೆಕ್ಕ ಹಾಕಿ.

ಆರಿದ್ರೆಗೇ ಕತ್ತಿ

ಉಪ್ಪಾಗೆ ನಮಗೆ ಹೊಸದಲ್ಲ. ಒಣ ಸಿಪ್ಪೆ ಸಾರಿಗೆ, ಬೀಜದ ತುಪ್ಪ ಅಡುಗೆಗೆ, ಕಾಲಿನ ಒಡಕಿಗೆ. ನಮ್ಮ ಅಜ್ಜಿ ಆಷಾಢದಲ್ಲಿ ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದಿಡುತ್ತಿದ್ದರು. ಮನೆ ಖರ್ಚಿಗಾಗಿ ತರುತ್ತಿದ್ದದ್ದು ಒಂದೆರಡು ಹೆಡಿಗೆ ಅಷ್ಟೇ. 1990ರ ದಶಕದಲ್ಲಿ ಲೆಕ್ಕ ತಪ್ಪಿತು. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಅದರಿಂದ ಮೈ ತೆಳ್ಳಗಾಗುತ್ತದೆ ಅಂತ ವಿದೇಶದಲ್ಲಿ ಮಾತ್ರೆ ಮಾರಾಟ ಶುರುವಾಯಿತು. ಮೈ ತೆಳ್ಳಗಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಆಮೇಲಿನ ಪರೀಕ್ಷೆಗಳಲ್ಲಿ ಸಿಗಲಿಲ್ಲ, ಅದು ಬೇರೆ ಮಾತು. ಪೇಟೆಯಲ್ಲಿ ಮಾತ್ರ ಉಪ್ಪಾಗೆಗೆ ಎಂದೂ ಇಲ್ಲದ ದರ ಬಂತು. ಕೂಲಿ ಇಲ್ಲದ ಮಳೆಗಾಲದಲ್ಲಿ ಕೈಗೆ ದುಡ್ಡು ಬರುವ ದಾರಿ ಅದು. ಮಕ್ಕಳ ಶಾಲೆಯ ಖರ್ಚು, ಸೋರುವ ಮಾಡಿನ ಹಂಚು, ಅಂಗಡಿಯ ಸಾಲ ಎಲ್ಲಾ ಅದರಲ್ಲೇ ತೀರಬೇಕಿತ್ತು. ಇದನ್ನು ದುರಾಸೆ ಅಂತ ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕಾಡಿನ ಉತ್ಪನ್ನ ತೆಗೆಯುವ ಹಕ್ಕು ಎರಡು ವರ್ಷಕ್ಕೆ ಗುತ್ತಿಗೆಗೆ ಹೋಗುತ್ತಿತ್ತು. ಗುತ್ತಿಗೆದಾರನಿಗೆ ಮೂರನೇ ವರ್ಷದ ಚಿಂತೆ ಇರುವುದಿಲ್ಲ, ಅಲ್ವಾ? ಆರಿಸುವವನಿಗೂ ಇಲ್ಲ, ಯಾಕೆಂದರೆ ಇವತ್ತು ತಾನು ಬಿಟ್ಟ ಕಾಯಿಯನ್ನು ನಾಳೆ ಬೆಳಗ್ಗೆ ಪಕ್ಕದ ಕೇರಿಯವನು ಕೊಯ್ಯುತ್ತಾನೆ. ಹಾಗಾಗಿ ಹಣ್ಣಾಗಲು ಯಾರೂ ಕಾಯಲಿಲ್ಲ. ಮೊದಲು ಪುಷ್ಯ, ಆಶ್ಲೇಷ ಮಳೆಗೆ ಆಗುತ್ತಿದ್ದ ಕೊಯ್ಲು ಅದಕ್ಕೆ ಮೊದಲಿನ ಪುನರ್ವಸುವಿಗೆ ಬಂತು, ಆಮೇಲೆ ಜೂನ್ ಕೊನೆಯ ಆರಿದ್ರೆಗೇ ಬಂತು. ಹಸಿರು ಕಾಯಿ ತಾನಾಗಿ ಉದುರುವುದಿಲ್ಲ. ಮರ ಹತ್ತಬೇಕು. ಮಳೆಯಲ್ಲಿ ಜಾರುವ ಮರದ ತುದಿಗೆ ಹೋಗುವುದಕ್ಕಿಂತ ಕೊಂಬೆಯನ್ನೇ ಕಡಿದು ಕೆಳಗೆ ಹಾಕುವುದು ಸುಲಭ. ಕಡಿದ ಕೊಂಬೆಯಲ್ಲಿ ಮರುವರ್ಷ ಕಾಯಿ ಇಲ್ಲ. ನಮ್ಮ ಊರಿನವನೇ ಒಬ್ಬ ಹಾಗೆ ಹತ್ತಿ ಬಿದ್ದು ಸೊಂಟ ಮುರಿದುಕೊಂಡ.

ಹಸಿರಲ್ಲಿ ಕೊಯ್ದರೆ ಮೂರು ಕಡೆ ಪೆಟ್ಟು. ಸಿಪ್ಪೆ ತೆಳು, ಒಣಗಿದ ಮೇಲೆ ತೂಕ ಬರುವುದಿಲ್ಲ, ವ್ಯಾಪಾರಿ ಎರಡನೇ ದರ್ಜೆಗೆ ಹಾಕುತ್ತಾನೆ. ಬೀಜ ಬಲಿತಿರುವುದಿಲ್ಲ, ಮೊಳೆಯುವುದಿಲ್ಲ. ಬಲಿತ ಬೀಜಕ್ಕೇ ಮೊಳಕೆ ಬರಲು ಐದಾರು ತಿಂಗಳು ಬೇಕು, ಎಳೆಯದು ಕೊಳೆತೇ ಹೋಗುತ್ತದೆ. ಮೂರನೇ ಪೆಟ್ಟು ಸಿಂಗಳೀಕಕ್ಕೆ. ಅದು ಬರುವ ಹೊತ್ತಿಗೆ ಮರ ಖಾಲಿ.

ಸೌದೆಯ ಮಾತು ಇನ್ನೂ ಹೇಳಲಿಲ್ಲ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಸಿಪ್ಪೆಯನ್ನು ಬೆಂಕಿಯ ಮೇಲೇ ಒಣಗಿಸಬೇಕು. ಕೊಟ್ಟಿಗೆಯ ಮೂಲೆಯಲ್ಲಿ ಅಡಿಕೆ ದಬ್ಬೆಯ ಅಟ್ಟ, ಅದರ ಮೇಲೆ ಸಿಪ್ಪೆ ಹರವಿ, ಕೆಳಗೆ ಹಗಲೂ ರಾತ್ರಿ ಬೆಂಕಿ. ಮೂರು ನಾಲ್ಕು ದಿನ ಯಾರಾದರೂ ಪಕ್ಕದಲ್ಲಿ ಕೂತು ಮಗುಚುತ್ತಾ ಇರಬೇಕು. ಅದು ಹೆಂಗಸರ ಕೆಲಸವೇ ಆಗಿಬಿಟ್ಟಿತ್ತು, ಹೊಗೆಗೆ ಅವರ ಕಣ್ಣು ಕೆಂಡದ ಹಾಗೆ ಆಗುತ್ತಿತ್ತು. ಹಸಿ ಸೌದೆ ಹೊತ್ತುವುದಿಲ್ಲ ಅಂತ ಬೇಸಿಗೆಯಲ್ಲೇ ರಾಶಿ ಹಾಕಿಡಬೇಕು. ಹಣ್ಣು ಕೊಡುವ ಕಾಡು ಬೇಸಿಗೆಯಲ್ಲಿ ಸೌದೆಯಾಗಿ ಕೆಳಗಿಳಿಯುತ್ತಿತ್ತು.

2011ರಲ್ಲಿ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು. 299.52 ಚದರ ಕಿಲೋಮೀಟರ್. ಬೇಡ್ತಿ, ಶಾಲ್ಮಲಾ ಮೀಸಲುಗಳೂ ಆ ಆಸುಪಾಸಿನಲ್ಲೇ ಆದವು. ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡುಗಳು, ಇರುವ ಸೀಮೆ ಇದು, ಕಾಪಾಡಲೇಬೇಕಾದ ಕಾಡು. ಆದರೆ ಘೋಷಣೆ ಆದ ವರ್ಷ ನಮ್ಮ ಇಳಿಜಾರಿನಲ್ಲಿ ಏನು ಬದಲಾಯಿತು ಅಂತ ಕೇಳಿದರೆ, ಏನೂ ಇಲ್ಲ. ಆ ಆರಿದ್ರೆಗೂ ಕತ್ತಿ ಹೋಯಿತು. ಗಡಿ ಬಂತು, ಬೋರ್ಡ್ ಬಂತು, ಉಪ್ಪಾಗೆ ಮರಕ್ಕೆ ಅದರ ಸುದ್ದಿಯೇ ಮುಟ್ಟಲಿಲ್ಲ.

ದೇವಸ್ಥಾನದ ಜಗಲಿಯಲ್ಲಿ

ಸಂರಕ್ಷಣಾ ಮೀಸಲಿನ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಅಭಯಾರಣ್ಯದ ಹಾಗೆ ಜನರ ಹಕ್ಕು ಕಡಿದು ಮಾಡುವ ವ್ಯವಸ್ಥೆ ಅಲ್ಲ ಅದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದದ್ದು. ಘೋಷಿಸುವ ಮೊದಲು ಅಲ್ಲಿನ ಜನರನ್ನು ಕೇಳಬೇಕು, ಆಮೇಲೆ ನಿರ್ವಹಣಾ ಸಮಿತಿ ಆಗಬೇಕು, ಅದರಲ್ಲಿ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬರು ಇರಬೇಕು. ಹಾಗೆಯೇ 1993ರ ಜಂಟಿ ಅರಣ್ಯ ಯೋಜನೆಯ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಮೊದಲೇ ಇದ್ದವು. ಕಾಗದದಲ್ಲಿ ದಾರಿ ಇತ್ತು, ಯಾರಾದರೂ ನಡೆಯಬೇಕಿತ್ತು.

ನಮ್ಮಲ್ಲಿ ಅದು ಶುರುವಾದದ್ದು ಒಬ್ಬ ಫಾರೆಸ್ಟರ್ ಮತ್ತು ಒಬ್ಬ ಅಮ್ಮನಿಂದ. ಫಾರೆಸ್ಟರ್ ಚಿಕ್ಕ ಪ್ರಾಯದವರು, ಕೇಸು ಹಾಕಲು ಬರಲಿಲ್ಲ, ಮಾತಾಡಲು ಬಂದರು. ಜಗಲಿಯಲ್ಲಿ ಕೂತು ಮೊದಲ ಅರ್ಧ ಗಂಟೆ ಸಿಂಗಳೀಕದ ಬಗ್ಗೆ ಹೇಳಿದರು. ಜನ ಸುಮ್ನೆ ಕೇಳಿದರು. ಆಗ ಕರೆವೊಕ್ಕಲರ ಕೇರಿಯ ಆ ಅಮ್ಮ, ಎಪ್ಪತ್ತು ದಾಟಿದವರು, ಎದ್ದು ನಿಂತರು.

"ತಮ್ಮಾ, ಸಿಂಗಳೀಕದ ಮಾತು ಆಮೇಲೆ ಆಡು. ನನ್ನ ಮದುವೆಯಾದ ಕಾಲಕ್ಕೆ ಉಪ್ಪಾಗೆ ಹೆಕ್ಕುತ್ತಿದ್ದೆವು, ಕೊಯ್ಯುತ್ತಿರಲಿಲ್ಲ. ಮರದ ಬುಡಕ್ಕೆ ಹೋದರೆ ಹಳದಿ ಹಾಸಿದ ಹಾಗೆ ಬಿದ್ದಿರುತ್ತಿತ್ತು. ಈಗ ಎಲ್ಲರಿಗಿಂತ ಮೊದಲು ಹೋಗಬೇಕು ಅಂತ ಓಡುತ್ತೇವೆ. ಎಲ್ಲರೂ ಒಂದೇ ದಿನ ಹೋಗುವ ಹಾಗೆ ಮಾಡಿಕೊಡು, ನಾನು ಕಾಯುತ್ತೇನೆ."

"ಒಂದೇ ದಿನ ಅಂದರೆ ಯಾವ ದಿನ, ಅಮ್ಮ?"

"ಪುಷ್ಯ ಹುಟ್ಟಿದ ಮೇಲೆ. ಅದಕ್ಕೆ ಮೊದಲು ಯಾರ ಹೆಡಿಗೆಯೂ ಕಾನು ಹತ್ತಬಾರದು."

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಆ ಮಾತಿನಲ್ಲಿದೆ. ಆಕೆ ಕೇಳಿದ್ದು ಪರಿಹಾರ ಅಲ್ಲ, ಯೋಜನೆ ಅಲ್ಲ, ಅನುದಾನ ಅಲ್ಲ. ತಾನು ಕಾದರೆ ನಷ್ಟ ಆಗಬಾರದು, ಅಷ್ಟೇ. ಪುಷ್ಯ ಮಳೆ ಹುಟ್ಟುವುದು ಜುಲೈ 20ರ ಆಸುಪಾಸು. ಆ ಹೊತ್ತಿಗೆ ನಮ್ಮ ಎತ್ತರದಲ್ಲಿ ಉಪ್ಪಾಗೆ ಹಳದಿ ತಿರುಗಲು ಶುರುವಾಗಿರುತ್ತದೆ. ಸರ್ಕಾರಿ ಕಾಗದದಲ್ಲಿ ತಾರೀಕು ಬರೆದುಕೊಂಡರು, ಊರಿನವರು ಮಳೆಯ ಹೆಸರಿನಲ್ಲೇ ನೆನಪಿಟ್ಟುಕೊಂಡರು.

ಆ ಒಂದೇ ಕೂಟದಲ್ಲಿ ಎಲ್ಲಾ ತೀರ್ಮಾನ ಆಗಲಿಲ್ಲ. ಮೂರು ಸಲ ಸೇರಬೇಕಾಯಿತು, ಒಂದು ಸಲ ಜಗಳವಾಗಿ ಎದ್ದು ಹೋದೆವು. ಕೊನೆಗೆ ಒಪ್ಪಿದ್ದು ಹೀಗೆ. ಪುಷ್ಯಕ್ಕೆ ಮೊದಲು ಕೊಯ್ಲಿಲ್ಲ. ಕೊಂಬೆ ಕಡಿಯುವಂತಿಲ್ಲ, ಕೊಕ್ಕೆ ಕೋಲಿಗೆ ಎಟುಕಿದಷ್ಟು ಮಾತ್ರ, ಮೇಲಿನದು ಸಿಂಗಳೀಕಕ್ಕೆ, ಬಿದ್ದರೆ ನಮಗೆ. ಕಾನಿನ ಒಳಗಿನ, ಹೊಳೆ ಪಕ್ಕದ ಮರಗಳನ್ನು ಯಾರೂ ಮುಟ್ಟುವಂತಿಲ್ಲ. ಅಲ್ಲಿ ಮೊದಲಿಂದಲೂ ಭೂತಪ್ಪನ ಕಲ್ಲಿದೆ, ಆ ಮರಗಳನ್ನು ಬಿಡಿ ಅಂದಾಗ ಯಾರೂ ವಾದ ಮಾಡಲಿಲ್ಲ. ಇಲಾಖೆಯ ಬೋರ್ಡಿಗಿಂತ ಆ ಕಲ್ಲು ಜಾಸ್ತಿ ಕೆಲಸ ಮಾಡಿತು. ಇಡೀ ಘಟ್ಟದಲ್ಲಿ ಕಾನು ಇಷ್ಟಾದರೂ ಉಳಿದದ್ದು ದೇವರಕಾನು ಅನ್ನುವ ಭಯ ಭಕ್ತಿಯಿಂದಲೇ.

ಬೀಜದ ವಿಷಯಕ್ಕೆ ಹೆಂಗಸರು ಹಟ ಹಿಡಿದರು. ಹಣ್ಣನ್ನು ಮನೆಗೆ ತಂದು ಬಿಡಿಸಿದರೆ ಬೀಜವೆಲ್ಲಾ ತುಪ್ಪಕ್ಕೆ ಹೋಗುತ್ತದೆ, ಕಾಡಿಗೆ ಒಂದೂ ಉಳಿಯುವುದಿಲ್ಲ. ತುಪ್ಪ ಬೇಡ ಅನ್ನಲು ನಾವು ಯಾರು? ಕೊನೆಗೆ ಸಿಪ್ಪೆಯನ್ನು ಮರದ ಬುಡದಲ್ಲೇ ಬಿಡಿಸುವುದು, ಅರ್ಧ ಬೀಜ ಅಲ್ಲೇ ಚೆಲ್ಲಿ ಬರುವುದು ಅಂತಾಯಿತು. ಹೊರುವ ಭಾರವೂ ಕಡಿಮೆಯಾಯಿತು. ಇಳಿಜಾರಿನಲ್ಲಿ ಉಂಬಳ ಕಚ್ಚಿಸಿಕೊಂಡು ಹೆಡಿಗೆ ಹೊತ್ತವರಿಗೆ ಅದು ದೊಡ್ಡ ವಿಷಯ.

ಗಂಡು ಮರದ ಪಾಠವನ್ನೂ ಇಲ್ಲಿ ಹೇಳಬೇಕು. ಉಪ್ಪಾಗೆಯಲ್ಲಿ ಹೆಚ್ಚಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಮರ ಅಂತ ಸೌದೆಗೆ ಕಡಿದವು ಬಹಳ. ಗಂಡಿಲ್ಲದೆ ಹೆಣ್ಣು ಮರಕ್ಕೆ ಕಾಯಿ ಹಿಡಿಯುವುದು ಹೇಗೆ? ಇದನ್ನು ಹೇಳಿದಾಗ ಒಬ್ಬರು ತಲೆ ಮೇಲೆ ಕೈ ಇಟ್ಟುಕೊಂಡರು, ಹಿಂದಿನ ಬೇಸಿಗೆಯಲ್ಲಷ್ಟೇ ಅವರು ಎರಡು ಮರ ಕಡಿದಿದ್ದರು.

ಏನಾಯಿತು, ಏನಾಗಲಿಲ್ಲ

ಮೊದಲ ವರ್ಷ ಸೋತೆವು. ಪುಷ್ಯ ಹುಟ್ಟಲು ಐದು ದಿನ ಇರುವಾಗ ರಾತ್ರಿ ಬ್ಯಾಟರಿ ಹಿಡಿದು ಯಾರೋ ಅರ್ಧ ಇಳಿಜಾರು ಕೊಯ್ದುಬಿಟ್ಟರು. ಹೊರಗಿನವರು ಅಂತ ಹೇಳಿಕೊಂಡೆವು. ಎಲ್ಲರೂ ಹೊರಗಿನವರಾಗಿರಲಿಲ್ಲ. ಕಾದವರಿಗೆ ನಷ್ಟ, ಕದ್ದವರಿಗೆ ಲಾಭ. ಆ ಅಮ್ಮ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ, ಒಂದು ಮಾತೂ ಆಡಲಿಲ್ಲ.

ಎರಡನೇ ವರ್ಷ ಎರಡು ಬದಲಾವಣೆ ಮಾಡಿದೆವು. ಪಕ್ಕದ ಎರಡು ಊರಿನ ಸಮಿತಿಗಳ ಜೊತೆ ಕೂತು ಮೂರೂ ಕಡೆ ಒಂದೇ ದಿನ ಇಟ್ಟೆವು. ಇದು ಮೊದಲೇ ಹೊಳೆಯಬೇಕಿತ್ತು, ಸಿಂಗಳೀಕಕ್ಕೂ ಉಪ್ಪಾಗೆ ಮರಕ್ಕೂ ಊರಿನ ಗಡಿ ಇಲ್ಲವಲ್ಲ. ಇನ್ನೊಂದು, ಹಸಿರು ಕಾಯಿಯ ಸಿಪ್ಪೆಯನ್ನು ಕೊಳ್ಳುವುದಿಲ್ಲ ಅಂತ ಪೇಟೆಯ ಒಬ್ಬ ವ್ಯಾಪಾರಿಯನ್ನು ಒಪ್ಪಿಸಿದೆವು. ಅವರಿಗೂ ದಪ್ಪ ಸಿಪ್ಪೆಯೇ ಬೇಕಿತ್ತು. ಎಲ್ಲರ ಮಾಲು ಒಟ್ಟು ಮಾಡಿ ಒಂದೇ ಗಾಡಿಯಲ್ಲಿ ಕಳಿಸಿದಾಗ ದರ ಮಾತಾಡಲು ಬಾಯಿ ಬಂತು. ಕಾವಲಿಗಿಂತ ಇದು ಹೆಚ್ಚು ಕೆಲಸ ಮಾಡಿತು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಕದ್ದ ಹಸಿರು ಕಾಯಿಗೆ ಗಿರಾಕಿ ಇಲ್ಲದಿದ್ದರೆ ರಾತ್ರಿ ಮಳೆಯಲ್ಲಿ ಮರ ಹತ್ತುವವರು ಯಾರು?

ಒಲೆಯ ಕೆಲಸ ಅರ್ಧ ಗೆದ್ದಿತು. ಸೌದೆ ಕಡಿಮೆ ತಿನ್ನುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ, ಮೇಲೆ ತಟ್ಟೆ ತಟ್ಟೆಯಾಗಿ ಸಿಪ್ಪೆ ಇಡುವ ಒಂದು ಗೂಡು ಕಟ್ಟಿಸಿದೆವು. ಸಿಪ್ಪೆ ಹೊಗೆ ವಾಸನೆ ಇಲ್ಲದೆ ಒಣಗಿತು, ಬಣ್ಣ ಚೆನ್ನಾಗಿ ಬಂತು. ಆದರೆ ಕಟ್ಟಿದ್ದು ಒಂದೇ, ಅದೂ ಊರ ನಡುವೆ. ಎಲ್ಲರ ಹಣ್ಣೂ ಒಂದೇ ವಾರದಲ್ಲಿ ಬರುತ್ತದೆ. ಸಾಲು ಕಾಯಲು ಆಗುವುದಿಲ್ಲ, ಎರಡು ದಿನ ಬಿಟ್ಟರೆ ಸಿಪ್ಪೆಗೆ ಬೂಸ್ಟು ಬರುತ್ತದೆ. ಮರಾಠಿ ವಸತಿಯವರು ಆ ಗೂಡನ್ನು ಬಳಸಲೇ ಇಲ್ಲ, ಅವರಿಗೆ ಅದು ಎರಡು ಮೈಲಿ ದೂರ. ಹಣ ಕೊಟ್ಟವರು ಒಂದು ದೊಡ್ಡದು ಕಟ್ಟಿ ಫೋಟೋ ತೆಗೆದರು, ನಮಗೆ ಬೇಕಿದ್ದದ್ದು ಮನೆ ಮನೆಗೆ ಸಣ್ಣದು. ಆಮೇಲೆ ಕೆಲವರು ಅದರ ಮಾದರಿ ನೋಡಿ ಬಚ್ಚಲ ಒಲೆಯ ಮೇಲೇ ತಟ್ಟೆ ಕೂರಿಸಿಕೊಂಡರು. ಸ್ನಾನದ ನೀರಿನ ಬೆಂಕಿಯಲ್ಲೇ ಸಿಪ್ಪೆ ಒಣಗುತ್ತದೆ. ಅದು ನಿಂತಿದೆ, ಇವತ್ತಿಗೂ ನಡೆಯುತ್ತಿದೆ.

ಒಂದು ವರ್ಷ ಉಪ್ಪಾಗೆ ದರ ನೆಲ ಕಚ್ಚಿತು. ಆಗ ಒಂದು ವಿಚಿತ್ರ ನೋಡಿದೆ. ಕಾಡಿಗೆ ಒಳ್ಳೆಯದು, ಯಾರೂ ಕೊಯ್ಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಆ ವರ್ಷ ಕೂಟಕ್ಕೂ ಯಾರೂ ಬರಲಿಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಓಡಿ ಬಂದವರು ಕೆಲವೇ ಜನ. ಉಪ್ಪಾಗೆಯಿಂದ ನಾಲ್ಕು ಕಾಸು ಬರುವವರೆಗೆ ಆ ಮರ ತಮ್ಮದು ಅನ್ನುವ ಭಾವನೆ ಇರುತ್ತದೆ. ಅದು ಹೋದರೆ ಕಾವಲೂ ಹೋಗುತ್ತದೆ.

ಸಿಂಗಳೀಕಕ್ಕೆ ಏನಾಯಿತು? ನಾನು ವಿಜ್ಞಾನಿ ಅಲ್ಲ, ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ದೊಡ್ಡ ಗಂಡಿನ ಕೂಗು ಯಾವ ದಿಕ್ಕಿನಿಂದ ಕೇಳಿತು, ಗುಂಪು ಯಾವ ಮರದಲ್ಲಿತ್ತು, ಎದೆಗೆ ಮರಿ ಕಟ್ಟಿಕೊಂಡ ತಾಯಂದಿರು ಎಷ್ಟು, ಇಷ್ಟೇ ಬರೆಯುತ್ತೇನೆ. ಮೊದಲು ಆಷಾಢದಲ್ಲಿ ನಮ್ಮ ಇಳಿಜಾರಿನ ಪುಟಗಳು ಖಾಲಿ. ಈಗ ಪುಷ್ಯ, ಆಶ್ಲೇಷ ಮಳೆಯಲ್ಲಿ ಗುಂಪು ವಾರಗಟ್ಟಲೆ ಇಲ್ಲೇ ಇರುತ್ತದೆ. ಒಟ್ಟು ಸಂಖ್ಯೆ ಏರಿದೆ ಅಂತ ಹೇಳಲು ಇಷ್ಟು ಸಾಲದು, ಬರೀ ಜಾಗ ಬದಲಿಸಿರಬಹುದು. ಉಪ್ಪಾಗೆ ಸಸಿಗಳ ಮಾತು ಮಾತ್ರ ಖಚಿತ. ಮೊದಲು ದೊಡ್ಡ ಮರದ ಕೆಳಗೆ ಒಂದೂ ಇರಲಿಲ್ಲ, ಈಗ ಮೊಣಕಾಲೆತ್ತರದವು ಗುಂಪಾಗಿ ನಿಂತಿವೆ, ಎಲೆ ದಪ್ಪ, ಕಡು ಹಸಿರು, ಮುಟ್ಟಿದರೆ ಮೇಣ ಹಚ್ಚಿದ ಹಾಗೆ.

2019ರ ಗೊಂದಲ

ಇಷ್ಟು ಸರಿಹೋಗುತ್ತಿರುವಾಗ ನಕಾಶೆ ಮತ್ತೆ ಬದಲಾಯಿತು. ಹಳೆಯ ಶರಾವತಿ ಅಭಯಾರಣ್ಯ, ಅಘನಾಶಿನಿ ಮೀಸಲು ಮತ್ತು ಪಕ್ಕದ ಮೀಸಲು ಅರಣ್ಯಗಳನ್ನು ಸೇರಿಸಿ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯಿತು, 930.16 ಚದರ ಕಿಲೋಮೀಟರ್. ಕಾಡು ತುಂಡು ತುಂಡಾಗದೆ ಒಟ್ಟಿಗೆ ಇರಬೇಕು ಅನ್ನುವ ಉದ್ದೇಶ ಸರಿ, ನಾನು ಅದರ ಪರವೇ. ಅಂಬಾರಗುಡ್ಡದ ಕಡೆಯಿಂದ ನಮ್ಮ ಘಟ್ಟದವರೆಗೆ ಕೊಂಬೆ ಹಿಡಿದು ಸಿಂಗಳೀಕ ಓಡಾಡಬೇಕು ಅಂದರೆ ದೊಡ್ಡ ಪ್ರದೇಶವೇ ಬೇಕು.

ಆದರೆ ಅಭಯಾರಣ್ಯದ ಕಾನೂನು ಬೇರೆ. ಅಲ್ಲಿಂದ ಕಾಡಿನ ಉತ್ಪನ್ನ ತೆಗೆಯುವುದು ಮನೆ ಬಳಕೆಗೆ ಅಂದರೆ ಒಂದು ದಾರಿ ಇದೆ, ವ್ಯಾಪಾರಕ್ಕೆ ಅಂದರೆ ಇಲ್ಲ. ಊರಲ್ಲಿ ಸುದ್ದಿ ಹಬ್ಬಿದ್ದು ಹೀಗೆ: ಇನ್ನು ಉಪ್ಪಾಗೆ ಮುಟ್ಟಿದರೆ ಕೇಸು, ಮುಂದೆ ಒಕ್ಕಲೆಬ್ಬಿಸುತ್ತಾರೆ. ಯಾರೂ ಬಂದು ಬಿಡಿಸಿ ಹೇಳಲಿಲ್ಲ. ಆ ವರ್ಷ ಆರಿದ್ರೆಗೇ ಕೆಲವರು ಕತ್ತಿ ತೆಗೆದರು. ಕೇಳಿದ್ದಕ್ಕೆ ಒಬ್ಬ ಹೇಳಿದ್ದು, "ಮುಂದಿನ ವರ್ಷ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ ಮಾರಾಯ. ಇವತ್ತು ಸಿಕ್ಕಿದ್ದು ನಮ್ಮದು." ಅದೇ ಹಳೆಯ ಗುತ್ತಿಗೆದಾರನ ಲೆಕ್ಕ. ನಾಳೆಯ ಭರವಸೆ ಇಲ್ಲದವನು ಇವತ್ತೇ ಬೋಳು ಮಾಡುತ್ತಾನೆ. ನಾಲ್ಕೈದು ವರ್ಷ ಕಷ್ಟಪಟ್ಟು ಕಟ್ಟಿದ ನಂಬಿಕೆ ಒಂದು ಗಾಳಿಸುದ್ದಿಗೆ ಅಲುಗಾಡಿತು.

ಇದಕ್ಕೂ ಕಾನೂನಿನಲ್ಲೇ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಆರಿಸುವ, ಮಾರುವ ಹಕ್ಕನ್ನು ಸಮುದಾಯಕ್ಕೆ ಕೊಡುತ್ತದೆ, ಅಭಯಾರಣ್ಯದ ಒಳಗೂ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಅಂಥ ಹಕ್ಕುಪತ್ರ ಸಿಕ್ಕಿದೆ, ಅದೂ ಹುಲಿ ಕಾಡಿನಲ್ಲಿ. ನಮ್ಮ ಕಡೆ ಎಲ್ಲರೂ ಅರ್ಜಿ ಹಾಕಿದ್ದು ಮನೆ, ಗದ್ದೆ, ತೋಟದ ಜಾಗಕ್ಕೆ. ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲದವರು ಎಪ್ಪತ್ತೈದು ವರ್ಷದ, ಮೂರು ತಲೆಮಾರಿನ ಸಾಕ್ಷಿ ತರಬೇಕು, ಅದರಲ್ಲೇ ಸುಸ್ತಾದರು. ಉಪ್ಪಾಗೆಗೆ ಸಮುದಾಯದ ಅರ್ಜಿ ಹಾಕಬೇಕು ಅನ್ನುವುದು ನಮ್ಮ ಗ್ರಾಮಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಸೇರಿ. ಈಗ ಹಾಕಿದ್ದೇವೆ. ಕೊಯ್ಲಿನ ದಿನ, ಮುಟ್ಟದ ಮರಗಳು, ಬೀಜ ಚೆಲ್ಲುವ ಕ್ರಮ, ಎಲ್ಲವನ್ನೂ ಅರ್ಜಿಯ ಜೊತೆ ಬರೆದು ಕೊಟ್ಟಿದ್ದೇವೆ.

ಇನ್ನೊಂದು ಕಡೆ ಅದೇ ಅಭಯಾರಣ್ಯದ ಒಳಗೆ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ಮಾಡುವ, ಶರಾವತಿಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಕೊಕ್ಕೆ ಕೋಲು ಹಿಡಿದ ಹೆಂಗಸಿಗೆ ಕಾನೂನು ಹೇಳುವಾಗ ಅವಳು ಮೊದಲು ಕೇಳುವುದೇ ಇದನ್ನು. ನನ್ನ ಹತ್ತಿರ ಉತ್ತರ ಇಲ್ಲ. ಸುರಂಗಕ್ಕೆ, ರಸ್ತೆಗೆ, ಲೈನಿಗೆ ಅಂತ ಮರ ಹೋದರೆ ಕೊಂಬೆಯ ದಾರಿ ತುಂಡಾಗುತ್ತದೆ, ನೆಲಕ್ಕಿಳಿದು ದಾಟುವುದು ಸಿಂಗಳೀಕಕ್ಕೆ ಅಪಾಯ. ಹೊನ್ನಾವರ ರಸ್ತೆಯ ಮಾಳೆಮನೆ ಘಟ್ಟದಲ್ಲಿ ಹೋಗುವವರು ದಯವಿಟ್ಟು ಗಾಡಿ ನಿಧಾನ ಮಾಡಿ, ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ರಸ್ತೆಗೆ ಇಳಿಯುವ ಅಭ್ಯಾಸ ಆದರೆ ಅದರ ಕಥೆ ಮುಗಿಯಿತು.

ಯಾವುದನ್ನು ಅಳೆಯಬೇಕು

ದೇಶದಲ್ಲಿ 2006ರಿಂದ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ನಿರ್ವಹಣೆ ಎಷ್ಟು ಫಲ ಕೊಡುತ್ತಿದೆ ಅಂತ ಮೌಲ್ಯಮಾಪನ ಮಾಡುತ್ತಿದ್ದಾರೆ. ಯೋಜನೆ ಇದೆಯಾ, ಸಿಬ್ಬಂದಿ ಇದ್ದಾರಾ, ಹಣ ಬಂತಾ, ಕೆಲಸ ಆಯಿತಾ, ಕೊನೆಗೆ ಕಾಡಿಗೆ ಏನಾಯಿತು, ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಒಳ್ಳೆಯ ಕೆಲಸ. ಆದರೆ ಗಡಿ ಕಲ್ಲು, ಕಾವಲು ಗೋಪುರ, ಹಾಕಿದ ಕೇಸು ಎಣಿಸುವುದು ಸುಲಭ. ಉಪ್ಪಾಗೆ ಯಾವ ಮಳೆಗೆ ಕೊಯ್ದರು ಅನ್ನುವುದನ್ನು ಎಣಿಸಲು ಮಳೆಗಾಲದಲ್ಲಿ ಊರಿಗೆ ಬರಬೇಕು. ನಮ್ಮ ಕಡೆಯ ಯಾವ ಸಂರಕ್ಷಿತ ಕಾಡಿನ ವರದಿ ಬಂದರೂ ನಾನು ಮೊದಲು ಹುಡುಕುವುದು ಮೂರು ಸಂಗತಿ: ಮುಖ್ಯ ಹಣ್ಣಿನ ಮರಗಳ ಕೆಳಗೆ ಸಸಿ ಇದೆಯಾ, ಕೊಂಬೆಯ ದಾರಿ ಎಲ್ಲಿ ತುಂಡಾಗಿದೆ, ಕೊಯ್ಲಿನ ದಿನವನ್ನು ಯಾರು ನಿಶ್ಚಯಿಸುತ್ತಾರೆ. ಮೂರನೆಯದಕ್ಕೆ ಉತ್ತರ ಊರು ಅಂತ ಇದ್ದರೆ ಮೊದಲಿನ ಎರಡೂ ನಿಧಾನಕ್ಕೆ ಸರಿಹೋಗುತ್ತವೆ, ನಮ್ಮ ಇಳಿಜಾರಿನಲ್ಲಿ ನಾನು ಕಂಡದ್ದು ಅದೇ.

ಈ ವರ್ಷಕ್ಕೆ ಬಾಕಿ ಇರುವ ಕೆಲಸ ಒಂದಿದೆ. ಇಳಿಜಾರಿನ ನಡುವೆ ಹಳೆಯ ಕೂಪಿನ ರಸ್ತೆ, ಅಂದರೆ ಹಿಂದೆ ಮರ ಕಡಿದು ಸಾಗಿಸಿದ ದಾರಿ, ಹಾದುಹೋಗಿದೆ, ಅಲ್ಲಿ ಮರಗಳ ನಡುವೆ ದೊಡ್ಡ ಖಾಲಿ. ಗುಂಪು ಅಲ್ಲಿಗೆ ಬಂದು ನಿಲ್ಲುತ್ತದೆ, ದೊಡ್ಡವು ಹಾರುತ್ತವೆ, ಮರಿ ಇರುವ ತಾಯಂದಿರು ಸುತ್ತು ಹಾಕಿ ಹೋಗುತ್ತವೆ. ಸದ್ಯಕ್ಕೆ ಎರಡೂ ಬದಿಯ ಮರಗಳಿಗೆ ದಪ್ಪ ಹಗ್ಗ ಕಟ್ಟಿ ನೋಡೋಣ ಅಂತ ಫಾರೆಸ್ಟರ್ ಹೇಳಿದ್ದಾರೆ. ಅಂಚಿನಲ್ಲಿ ನೆಡಲು ಅತ್ತಿ, ಹೆಬ್ಬಲಸು, ಉಪ್ಪಾಗೆ ಸಸಿ ತೆಗೆದಿಟ್ಟಿದ್ದೇವೆ. ಆರಿದ್ರೆ ಹಿಡಿದ ಮೊದಲ ವಾರ ನೆಡುವುದು. ಆ ಅಮ್ಮ ಈಗ ಬೆಟ್ಟ ಹತ್ತಲಾರರು, ಸಸಿ ಮಾತ್ರ ಅವರ ಅಂಗಳದಲ್ಲೇ ಇವೆ.